ಬಾಣಂತಿ ಕೋಣೆಯ ಕಿಟಕಿ

ಸವಿತಾ, ನಿನ್ನ ಬಾಣಂತನದಲ್ಲಿ ಆ ಕೋಣೆಯ ಕಿಟಕಿ ಮುಚ್ಚಿದವಳು ನಾನು. ನಿನ್ನ ಅವ್ವ ಅಲ್ಲ — ನಾನು, ನಿನ್ನ ಅಣ್ಣನ ಹೆಂಡತಿ, ನಿನ್ನ ವೈನಿ.

ಆ ವರ್ಷ ಹುಮನಾಬಾದಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ನೀನು ಹೆರಿಗೆಗೆಂದು ಬಸವಕಲ್ಯಾಣದಿಂದ ತವರಿಗೆ ಬಂದಿದ್ದೆ. ನಿನ್ನ ಅಣ್ಣನ ಬೆನ್ನು ಹತ್ತಿ ಆ ಕೋಣೆಗೆ ಹೀಟರ್ ತರಿಸಿದವಳು ನಾನೇ. ಇನ್ನು ಹೊಗೆ, ಬೂದಿ, ಕೆಮ್ಮು ಎಲ್ಲ ತಪ್ಪಿತು ಎಂದುಕೊಂಡಿದ್ದೆ. ಅತ್ತೆ ಕೇಳಬೇಕಲ್ಲ! "ಕರೆಂಟಿನ ಕಾವು ಬಾಣಂತಿ ಸೊಂಟಕ್ಕ ಹತ್ತಂಗಿಲ್ಲ" ಎಂದು ದಿನಾ ಸಂಜೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲಿನ ಕೆಂಡ ಮಾಡಿ, ಮೇಲೆ ಅಜವಾನ ಉದುರಿಸಿ ನಿನ್ನ ಹೊರಸಿನ ಕೆಳಗೆ ಇಡುತ್ತಿದ್ದರು. ಇಟ್ಟಕೂಡಲೇ ಕಿಟಕಿ ತೆರೆಯುತ್ತಿದ್ದರು — ಒಂದು ದಿನವೂ ಮರೆತವರಲ್ಲ. ನನ್ನ ಹೀಟರಿನ ಕಾವೆಲ್ಲ ಅಲ್ಲಿಂದ ಹೊರಗೆ ಹೋಗುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಬೀದಿ ಕಾಯಿಸಲಿಕ್ಕೆ ತರಿಸಿದೆನೇ ಇದನ್ನು?

ಅವತ್ತು ಅವರು ಕೆಂಡ ಇಟ್ಟು ದೇವರಿಗೆ ದೀಪ ಹಚ್ಚಲು ಹೋದರು. ನೀನೂ ಕೂಸೂ ಮಲಗಿದ್ದಿರಿ. ನಾನು ಕಿಟಕಿ ಎಳೆದು ಚಿಲಕ ಹಾಕಿದೆ, ಹೊರಬಂದು ಬಾಗಿಲನ್ನೂ ಎಳೆದುಕೊಂಡೆ. ಹೀಟರ್ ಅಂದರೇನು ಅಂತ ಈಗ ನೋಡಲಿ — ತಲೆಯಲ್ಲಿದ್ದದ್ದು ಇಷ್ಟೇ. ಕೆಂಡದಿಂದ ಕಣ್ಣಿಗೆ ಕಾಣದ ವಿಷಗಾಳಿ ಏಳುತ್ತದೆಂದು ಗೊತ್ತಿರಲಿಲ್ಲ. ಅದನ್ನು ನೆಪ ಮಾಡುತ್ತಿಲ್ಲ... ನಿಜವಾದ ಪಾಪ ಮಾಡಿದ್ದು ಆಮೇಲೆ.

ಕೂಸಿನ ಸದ್ದೇ ಇಲ್ಲವೆಂದು ಅತ್ತೆಯೇ ಓಡಿ ಬಂದು ಬಾಗಿಲು ನೂಕಿದರು. ಇಬ್ಬರಿಗೂ ಎಚ್ಚರವಿರಲಿಲ್ಲ. ದವಾಖಾನೆಯಲ್ಲಿ ನಿಮ್ಮ ಜೀವ ಉಳಿಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟವರು ಯಾರು ಎಂದು ಡಾಕ್ಟರು ಕೇಳಿದಾಗ ಎಲ್ಲರೂ ಅತ್ತೆಯನ್ನು ನೋಡಿದರು. "ಕಿಟಕಿ ಯಾಕ ತೆರದಿಲ್ಲ, ಅವ್ವಾ?" ಎಂದು ನಿನ್ನ ಅಣ್ಣ ಚೀರಿದರು. ಅತ್ತೆ ನನ್ನ ಕಡೆ ತಿರುಗಿದರು. "ತೆರದಿದ್ದೆ ಅನಸ್ತದ... ನೀ ನೋಡೀಯೇನವಾ?"

"ಇಲ್ರಿ ಅತ್ತಿ" ಎಂದೆ.

ಆ ಮಾತಿನಿಂದ ಹಿಂದಕ್ಕೆ ಬರುವ ದಾರಿ ನನಗೆ ಸಿಗಲೇ ಇಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ — ಅಷ್ಟರಲ್ಲಿ ಅತ್ತೆ ತಮ್ಮ ನೆನಪನ್ನೇ ನಂಬುವುದು ಬಿಟ್ಟಿದ್ದರು. ಗ್ಯಾಸ್ ಆರಿಸಿದೆನೋ, ಕದ ಹಾಕಿದೆನೋ, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ನಾನು ಹೇಳಿದ್ದೇ ಖರೆ! ನಿನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಇವತ್ತಿಗೂ ನೀನು ಅವಳೊಬ್ಬಳನ್ನೇ ಅಜ್ಜಿಯ ಹತ್ತಿರ ಬಿಡುವುದಿಲ್ಲ. ಅವರೂ ಕೈ ಚಾಚುವುದಿಲ್ಲ. ನಾನು ಚಹಾ ಇಡುವ ನೆಪದಲ್ಲಿ ಅಡುಗೆಮನೆ ಸೇರಿಕೊಳ್ಳುತ್ತೇನೆ.

ಈಗ ನಿನಗೆ ಮತ್ತೆ ದಿನ ತುಂಬುತ್ತಿವೆ. ಈ ಸಲ ಬಾಣಂತನ ತವರಲ್ಲಿ ಬೇಡ ಎಂದೆಯಂತೆ. ಅದನ್ನು ಕೇಳಿ ಅತ್ತೆ "ಖರೇ ಅದ" ಎಂದಷ್ಟೇ ಅಂದರು. ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವರೆದುರು ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ. ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡವಾ. ತಪ್ಪು ನಂದೇ" ಎಂದರು.

ನಂಬಲಿಲ್ಲ, ಸವಿತಾ. ಎಷ್ಟು ಸಲ ಹೇಳಿದರೂ ನಂಬಲಿಲ್ಲ. ಅವರನ್ನು ಆ ಗತಿಗೆ ತಂದವಳು ನಾನು... ಇನ್ನು ನನ್ನ ಮಾತಿನಿಂದ ಏನೂ ಆಗುವುದಿಲ್ಲ. ಹೆರಿಗೆಗೆ ಇಲ್ಲಿಗೇ ಬಾ. ನಾನು ಈ ಮನೆಯಲ್ಲಿರಬಾರದು ಎಂದರೆ ಇರುವುದಿಲ್ಲ. ಕೂಸನ್ನು ಮೊದಲು ಅವರ ಕೈಗೆ ಕೊಡು.