ಕುಂಕುಮ ಕಾಣದ ಕಂಪ್ಯೂಟರು

ಆಯುಧಪೂಜೆಯ ದಿನ ಬನಶಂಕರಿಯಿಂದ ಕತ್ರಿಗುಪ್ಪೆಯವರೆಗೆ ಕುಂಕುಮ ಕಾಣದ ಯಂತ್ರ ಒಂದೇ ಒಂದು, ಅದು ಚಕ್ರಪಾಣಿಯವರದು. ಆಟೋ, ಹಿಟ್ಟಿನ ಗಿರಣಿ, ಕ್ಷೌರದಂಗಡಿಯ ಕತ್ತರಿ, ನನ್ನ ಜೆರಾಕ್ಸ್ ಮೆಷೀನು ಎಲ್ಲವೂ ಬೂದುಗುಂಬಳದ ಮುಂದೆ ವಿನೀತವಾಗಿ ರಜೆಯ ಮೇಲಿರುವಾಗ, ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಮುದಿ ಕಂಪ್ಯೂಟರು ಮಾತ್ರ ಗುಂಯ್‌ಗುಟ್ಟುತ್ತ ಎಚ್ಚರವಾಗಿರುತ್ತದೆ. ಪಕ್ಕದಲ್ಲಿ ಕೈಕಟ್ಟಿ ಕುಳಿತ ಚಕ್ರಪಾಣಿ, ಸಾಕ್ಷಾತ್ ದ್ವಾರಪಾಲಕ. ಅವರು ನಾಸ್ತಿಕರಾದರು ಎನ್ನುವುದು ಹೂವಿನ ಯಲ್ಲಮ್ಮನ ಪಾಠ. ಅದರೊಳಗೊಂದು ಪ್ರೇತವಿದೆ, ಕುಂಕುಮ ತಾಗಿದರೆ ಚೀರುತ್ತದೆ ಎನ್ನುವುದು ಗಿರಣಿಯ ಹೊಳೆಪ್ಪನ ಪಾಠ. ನಾನು ಎರಡನ್ನೂ ಗಿರಾಕಿ ನೋಡಿ ಹೇಳುತ್ತಿದ್ದೆ.

ನಡೆದದ್ದು ಹೀಗೆ. ೨೦೦೫ರಲ್ಲಿ ಆ ಮಹಡಿಯಲ್ಲಿ ಉಗ್ರಪ್ಪನವರ ಪುಟ್ಟ ಸಾಫ್ಟ್‌ವೇರ್ ಕಂಪನಿ ಇತ್ತು. ಚಕ್ರಪಾಣಿ ಅದರ ಧನ್ವಂತರಿ. ಯಾರ ಪ್ರೋಗ್ರಾಮು ಮೂರ್ಛೆ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಎಲ್ಲಿ ಕಂಪೈಲ್ ಮಾಡಿದ್ದು, ಎಲ್ಲಿ ಓಡಿಸ್ತಿರೋದು?" ಕಂಪೈಲ್ ಎಂದರೆ ಬರೆದ ಪ್ರೋಗ್ರಾಮನ್ನು ಯಂತ್ರ ಉಣ್ಣುವಂತೆ ಬೇಯಿಸುವುದು; ಜಾವಾ ಎಂಬ ಪ್ರೋಗ್ರಾಮು ಭಾಷೆಯಲ್ಲಿ ಹಳೆಯ ವರ್ಷನ್ ಅತ್ತೆ, ಹೊಸದು ಸೊಸೆ ಎಂದು ಅವರು ಬೋಧಿಸುತ್ತಿದ್ದರು. ಅತ್ತೆ ಮಾಡಿದ್ದನ್ನು ಸೊಸೆ ಉಣ್ಣುತ್ತಾಳೆ. ಸೊಸೆ ಮಾಡಿದ್ದನ್ನು ಅತ್ತೆ ಮೂಸಿಯೂ ನೋಡುವುದಿಲ್ಲ.

ಅಲ್ಲಿ ರಾಜಶ್ರೀ ಎಂಬ ಬಾಗಲಕೋಟೆಯ ಹುಡುಗಿ ತಾತ್ಕಾಲಿಕ ಕೆಲಸದಲ್ಲಿದ್ದಳು. ಜೆ.ಪಿ. ನಗರದ ಒಂದು ನರ್ಸಿಂಗ್ ಹೋಮಿಗೆ ಬಿಲ್ಲಿನ ಪ್ರೋಗ್ರಾಮು ಬರೆದಿದ್ದಳು. ಅವರು ಒಪ್ಪಿದರೆ ಕೆಲಸ ಕಾಯಂ. ಕಾಯಂ ಆದರೆ ತಂಗಿ ಭಾಗ್ಯಜ್ಯೋತಿಯನ್ನು ಕರೆಸಿಕೊಂಡು ಇಲ್ಲಿಯೇ ಕಾಲೇಜಿಗೆ ಸೇರಿಸುವುದು. ಬಿಟಿಎಂನ ಬಾಡಿಗೆ ಕೋಣೆಗೆ ಎರಡನೆಯ ಹಾಸಿಗೆಯನ್ನೂ ಕೊಂಡಿದ್ದಳು.

ವಿಜಯದಶಮಿಯ ಬೆಳಿಗ್ಗೆ ಉದ್ಘಾಟನೆ. ಹಿಂದಿನ ದಿನ, ಆಫೀಸಿನ ಕಂಪ್ಯೂಟರುಗಳೆಲ್ಲ ಕುಂಕುಮ ಇಡಿಸಿಕೊಂಡು ಮಲಗಿದ ಮೇಲೆ, ನರ್ಸಿಂಗ್ ಹೋಮಿನ ಡಾಕ್ಟರ್ ವೆಂಕಟಾಚಲ ಫೋನ್ ಮಾಡಿದರು. ಬಿಲ್ಲಿನ ನೆತ್ತಿಯಲ್ಲಿ 'ಶ್ರೀ' ಇಲ್ಲವಂತೆ.

"ಪೂಜೆಗೆ ಇಟ್ಟಿದ್ದನ್ನ ಮುಟ್ಟೋ ಹಾಗಿಲ್ಲ," ಅಂದರು ಉಗ್ರಪ್ಪ.

"ಸರ್ರ, ಈಗೇನ್ ಮಾಡೂದ್ರಿ?" ರಾಜಶ್ರೀಯ ಮುಖ ಸಣ್ಣದಾಯಿತು.

"ನಾನಿಲ್ವೇನಮ್ಮ?" ಎಂದು ಚಕ್ರಪಾಣಿ ಅವಳ ಪ್ರೋಗ್ರಾಮಿನ ಸಿ.ಡಿ. ಹಿಡಿದು, ಸಂಜೀವಿನಿ ತರಲು ಹೊರಟವರಂತೆ ಸ್ಕೂಟರ್ ಏರಿ ಜಯನಗರದಲ್ಲಿದ್ದ ತಮ್ಮ ತಂಗಿ ಚೂಡಾಮಣಿಯ ಮನೆಗೆ ಹೋದರು. ಆ ಮನೆಯಲ್ಲಿ ಪೂಜೆಗೆ ಪುಸ್ತಕ ಮಾತ್ರ ಇಡುವುದು, ಕಂಪ್ಯೂಟರಿಗೆ ಬಿಡುಗಡೆ.

"ಮೊನ್ನೆ ತಾನೇ ಹೊಸ ಜಾವಾ ಹಾಕ್ಸಿದ್ದೀನಿ ಅಣ್ಣ," ಅಂದಳು ತಂಗಿ, ಒಬ್ಬಟ್ಟು ಬಡಿಸುತ್ತ.

ಒಬ್ಬಟ್ಟು ಚೆನ್ನಾಗಿತ್ತು. 'ಶ್ರೀ' ಸೇರಿಸಿ ಅಲ್ಲಿಯೇ ಕಂಪೈಲ್ ಮಾಡಿ, ಅಲ್ಲಿಯೇ ಓಡಿಸಿ ನೋಡಿ, ಜಯಶಾಲಿಯಾಗಿ ಮರಳಿದರು. ತಾವು ಊರವರನ್ನೆಲ್ಲ ಕೇಳುವ ಪ್ರಶ್ನೆಯನ್ನು ಅವತ್ತು ಅವರನ್ನು ಕೇಳುವವರಿರಲಿಲ್ಲ.

ಮರುದಿನ ಡಾಕ್ಟರ ತಾಯಿ ದೀಪ ಹಚ್ಚಿ ಕೀಲಿ ಒತ್ತಿದರು. ನರ್ಸಿಂಗ್ ಹೋಮಿನ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಜಾವಾ. ತೆರೆಯ ಮೇಲೆ ವರ್ಷನ್ ಒಪ್ಪಿಗೆಯಿಲ್ಲ ಎಂಬ ದೋಷದ ಸಾಲುಗಳು ಉದ್ದಕ್ಕೆ ಇಳಿದವು.

ಚಕ್ರಪಾಣಿಗೆ ಮೊದಲ ಸಾಲಿನಲ್ಲೇ ಗೊತ್ತಾಯಿತು. "ಸ್ವಲ್ಪ ಟೈಮ್ ಕೊಡಿ ಸಾರ್" ಎಂದು ಆಫೀಸಿಗೆ ಓಡಿ ಬಂದರು. ರಾಜಶ್ರೀಯ ಮೆಷೀನಿನ ಗುಂಡಿಯ ಮೇಲಿನ ಕುಂಕುಮವನ್ನು ಅಂಗಿಯ ತೋಳಿನಿಂದ ಒರೆಸಿ ಎಬ್ಬಿಸಿ, ಅದರ ಹಳೆಯ ಜಾವಾದಲ್ಲಿ ಮತ್ತೆ ಕಂಪೈಲ್ ಮಾಡಿ ತಂದರು. ಪ್ರೋಗ್ರಾಮು ಓಡಿತು. 'ಶ್ರೀ' ಲಕ್ಷಣವಾಗಿ ಮೂಡಿತು. ಅಷ್ಟರಲ್ಲಿ ರಾಹುಕಾಲ ಶುರುವಾಗಿತ್ತು.

"ಓಡ್ತು, ಸಂತೋಷ," ಅಂದರು ಡಾಕ್ಟರು. "ಆದ್ರೆ ಅಮ್ಮ ಬೇಡ ಅಂದ್ಬಿಟ್ರು. ದೀಪ ಹಚ್ಚಿ ಒತ್ತಿದ್ದು ನಿಂತ್ಹೋಯ್ತಲ್ಲ."

ಆ ದೋಷಕ್ಕೆ ಚಕ್ರಪಾಣಿಯವರ ಬಳಿ ಔಷಧ ಇರಲಿಲ್ಲ.

"ತಪ್ಪು ನಂದು ಸಾರ್, ಆ ಮಗೂದಲ್ಲ," ಎಂದು ಉಗ್ರಪ್ಪನವರ ಮುಂದೆ ನಿಂತರು.

"ಯಾರದ್ದಾದ್ರೇನ್ರೀ? ಆರ್ಡರ್ ವಾಪಸ್ ಬರುತ್ತಾ?"

ತಿಂಗಳ ಕೊನೆಗೆ ರಾಜಶ್ರೀ ಊರಿಗೆ ಹೊರಟಳು. ಎರಡನೆಯ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಆ ಹಾಸಿಗೆಯನ್ನು ಹೊತ್ತು ಬಸ್ಸಿನ ಮೇಲೆ ಹಾಕಿಸಿದವರು ಚಕ್ರಪಾಣಿಯವರೇ; ಒಂದು ತುದಿಗೆ ಕೈ ಕೊಡಲು ನಾನೂ ಹೋಗಿದ್ದೆ.

"ನನ್ನ ಸಲುವಾಗೇ ಓಡ್ಯಾಡಿದ್ರಿ. ಮನಸಿಗೆ ಹಚ್ಕೋಬ್ಯಾಡ್ರಿ ಸರ್ರ," ಅಂದಳು ಅವಳು. ಬಸ್ಸು ತಿರುವು ದಾಟಿದ ಮೇಲೂ ಧನ್ವಂತರಿಗಳು ಹಾಸಿಗೆ ಹೊತ್ತಂತೆಯೇ ಒಂದು ಭುಜ ತಗ್ಗಿಸಿ ನಿಂತಿದ್ದರು.

ಉಗ್ರಪ್ಪ ಕಂಪನಿ ಮುಚ್ಚಿ ತಲಘಟ್ಟಪುರದ ಕಡೆ ಸೈಟು ಮಾರಲು ಹೋದರು. ಆ ಕೋಣೆಯಲ್ಲಿ ಚಕ್ರಪಾಣಿ ಈಗ ಪಾಠ ಹೇಳುತ್ತಾರೆ. ಮಿಕ್ಕ ಕಂಪ್ಯೂಟರುಗಳೆಲ್ಲ ಹೊಸವು. ರಾಜಶ್ರೀಯದು ಮಾತ್ರ ಅದೇ ಹಳೆಯದು, ತೆರೆಯ ಮೇಲೆ ಅವಳ ಬಿಲ್ಲು, ಬಿಲ್ಲಿನ ನೆತ್ತಿಯಲ್ಲಿ 'ಶ್ರೀ'.

ಹೋದ ಆಯುಧಪೂಜೆಗೆ ಕಡಲೆಪುರಿ ಕೊಡುವ ನೆಪದಲ್ಲಿ ಮೇಲೆ ಹೋದೆ. ಪುರಾಣಕ್ಕೆ ಒಂದು ಒಳ್ಳೆಯ ಮುಕ್ತಾಯ ಬೇಕಿತ್ತು.

"ಸಾರ್, ಆ ಹುಡುಗಿಗೋಸ್ಕರ ಹಿಡಿದಿರೋ ವ್ರತ ಅಲ್ವಾ ಇದು? ಪೂಜೆ ದಿನಾನೂ ಒಂದು ಮೆಷೀನು ಎಚ್ಚರವಾಗಿರ್ಲಿ ಅಂತ?"

ಚಕ್ರಪಾಣಿ ತೆರೆಯ ಮೇಲೆ ಕೂತ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು.

"ಪೂಜೆಗೆ ಇಟ್ರೆ ಆಫ್ ಮಾಡ್ಬೇಕು," ಅಂದರು. "ಆಫ್ ಮಾಡಿದ್ರೆ ಮತ್ತೆ ಆನ್ ಆಗಲ್ಲ ಕಣ್ರೀ."