ಕನ್ನಡ ಕೀರ್ತನೆಯ ಅಕ್ಕೋರು

ಉದಗೀರ ಸಮೀಪದ ನಮ್ಮೂರಿನ ಮೆಥೋಡಿಸ್ಟ್ ಚರ್ಚನ್ನು ಕಟ್ಟಿದ್ದು ಬೀದರ ಕಡೆಯಿಂದ ಬಂದ ಕೆಲವು ಕನ್ನಡ ಮನೆತನಗಳು. ನಾನು ದೊಡ್ಡವನಾಗುವಷ್ಟರಲ್ಲಿ ಆರಾಧನೆಯೆಲ್ಲ ಮರಾಠಿಗೆ ತಿರುಗಿ, ಕನ್ನಡದ್ದೆಂದು ಒಂದೇ ಕೀರ್ತನೆ ಉಳಿದಿತ್ತು. ಅದನ್ನು ಹಾಡುತ್ತಿದ್ದವರು ಸಂಡೇಸ್ಕೂಲಿನಲ್ಲಿ ಪಾಠ ಹೇಳುವ ಅಕ್ಕೋರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ, ಬೆರಳಿನಿಂದ ಬೆಂಚಿನ ಮೇಲೆ ತಾಳ ಹಾಕುತ್ತಿದ್ದರು. ಪಕ್ಕದಲ್ಲಿ ನಾನು ಬಾಯಿ ಆಡಿಸುತ್ತಿದ್ದೆ. ನನ್ನ ದನಿ ಕೇಳಿದರೆ ನಮ್ಮ ಮನೆಯ ಎಮ್ಮೆ ಹಾಲು ಬಿಡುತ್ತಿರಲಿಲ್ಲ.

"ಜೋರಾಗಿ ಹಾಡೋ ತಮ್ಮಾ, ದೇವ್ರಿಗೇನ ಬ್ಯಾಸರ ಇಲ್ಲ," ಎಂದು ಅಕ್ಕೋರು ಪ್ರತಿ ವಾರ ತಿವಿಯುತ್ತಿದ್ದರು.

ಒಮ್ಮೆ ಹೊಸ ಪಾಸ್ಟರು, "ಇಬ್ಬರ ಸಲುವಾಗಿ ಈ ಕನ್ನಡ ಹಾಡು ಯಾಕ್ರಿ ಅಕ್ಕೋರ? ಬಿಟ್ಟುಬಿಡೋಣು," ಎಂದರು.

"ಬರೋ ಐತವಾರ ಕಡೀಕ ಒಂದ್ ಸಲ ಹಾಡಿ ಬಿಡ್ತೀವ್ರೀ."

ಆ ಭಾನುವಾರ ಅಕ್ಕೋರ ಗಂಟಲು ಕಟ್ಟಿತ್ತು. ನನ್ನನ್ನೇ ಮುಂದೆ ತಳ್ಳಿದರು. ಮೊದಲ ಸಾಲಿನಲ್ಲಿ ರಾಗ ತಪ್ಪಿದೆ, ಎರಡನೆಯದರಲ್ಲಿ ಮಾತೂ ಮರೆತೆ. ಹಿಂದಿನ ಬೆಂಚಿನ ಮರಾಠಿ ಅಜ್ಜಿಯೊಬ್ಬರು ತಾಳಲಾರದೆ ಹಾಡನ್ನು ಎತ್ತಿಕೊಂಡರು. ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತೆಂದು ಆಗಲೇ ಗೊತ್ತಾದದ್ದು. ನನ್ನ ದನಿ ಮುಳುಗುವಷ್ಟು ಜೋರಾಗಿ ಇಡೀ ಚರ್ಚು ಕನ್ನಡದಲ್ಲಿ ಹಾಡಿತು. ಅಕ್ಕೋರು ಕಣ್ಣು ತೆರೆದು ಹಿಂದೆ ತಿರುಗಿದರು. ಅವರ ಗಲ್ಲ ಒದ್ದೆಯಾಗಿತ್ತು.

"ಇರಲಿ, ನಡೀಲಿ," ಎಂದರು ಪಾಸ್ಟರು.

ಅಕ್ಕೋರು ಈಗಿಲ್ಲ, ಕೀರ್ತನೆ ಇಂದಿಗೂ ನಡೆದಿದೆ. ಅದನ್ನು ಉಳಿಸಿದವನು ನಾನೇ ಎಂದು ಎಲ್ಲರೆದುರು ಹೇಳಿಕೊಳ್ಳುತ್ತೇನೆ. ಯಾರೂ ಅಲ್ಲಗಳೆಯುವುದಿಲ್ಲ. ಹಾಡು ಶುರುವಾಗುವ ಹೊತ್ತಿಗೆ ಮಾತ್ರ, ಚಪ್ಪಲಿ ನೋಡಿಕೊಳ್ಳಲು ನನ್ನನ್ನೇ ಹೊರಗೆ ಕಳಿಸುತ್ತಾರೆ.