ಇಸ್ತ್ರಿಯಣ್ಣನ ಹಳೇ ಪೇಪರು

ಬೀದಿ ಮೂಲೆಯ ಇಸ್ತ್ರಿಯಣ್ಣ ಬಾಯಿ ತೆರೆದರೆ, ಅದೇ ಬೀದಿಯಲ್ಲಿರುವ, ದಿನವಿಡೀ ಸುದ್ದಿ ತಿದ್ದುವ ಪತ್ರಿಕೆಯ ಉಪಸಂಪಾದಕರೊಬ್ಬರೂ ಬೆರಗಾಗಿ ನಿಂತುಬಿಡುತ್ತಾರೆ. ಇಸ್ತ್ರಿಯಾದ ಬಟ್ಟೆಯನ್ನು ಅವನು ಸುತ್ತುವುದು ಹಳೇ ಪೇಪರಿನಲ್ಲಿ. ಸುತ್ತುವ ಮುನ್ನ ಪ್ರತಿ ಹಾಳೆಯನ್ನೂ ಓದಲೇಬೇಕು. ಹೀಗಾಗಿ ಬಿದ್ದುಹೋದ ಸರ್ಕಾರ ಅವನ ಮೇಜಿನ ಮೇಲೆ ಇನ್ನೂ ಒಂದು ವಾರ ಗಟ್ಟಿಯಾಗಿರುತ್ತದೆ. "ಅವಸರ ಯಾಕೆ ಸಾರ್? ಸುದ್ದಿ ಆರಿದ ಮೇಲೆ ಓದಬೇಕು. ಅರ್ಧ ಸುಳ್ಳು ತಾನಾಗೇ ಉದುರಿರುತ್ತೆ" ಎನ್ನುತ್ತಾನೆ. ಮಂತ್ರಿಗಳ ಭರವಸೆಗಳನ್ನು ಗಂಜಿ ಹಾಕಿದ ಅಂಗಿಗೇ ಮೀಸಲಿಡುತ್ತಾನೆ: "ಎರಡೂ ಸೆಟೆದು ನಿಲ್ಲೋದು ಒಂದೇ ದಿನ." ಪಕ್ಷ ಬಿಟ್ಟವರ ಪಟ ಕಂಡರೆ, "ಹೋದ ವಾರ ಇವರು ಬೇರೆ ಬಾವುಟದ ಕೆಳಗೆ ನಗ್ತಿದ್ರಲ್ಲ!" ಎಂದು ತಾನೂ ನಗುತ್ತಾನೆ. ಸಾವಿನ ಸುದ್ದಿಯಲ್ಲಿ ಮಾತ್ರ ಏನನ್ನೂ ಸುತ್ತುವುದಿಲ್ಲ. "ಸತ್ತವರ ಮೇಲೆ ಬಿಸಿ ಬಟ್ಟೆ ಇಡಕ್ಕೆ ಕೈ ಬರಲ್ಲ" ಎಂದು ಕತ್ತರಿಸಿ ಮೇಜಿನ ಖಾನೆಯಲ್ಲಿಡುತ್ತಾನೆ. ಮೊನ್ನೆ ಅವನು ಆ ಖಾನೆ ತೆರೆದಾಗ ಉಪಸಂಪಾದಕರಿಗೆ ತಮ್ಮದೇ ನಾಲ್ಕು ಸಾಲು ಕಂಡವು: ಸೇತುವೆ ಕುಸಿದು ಏಳು ಕೂಲಿಗಳ ಸಾವು. ಜಾಗವಿಲ್ಲವೆಂದು ಹೆಸರುಗಳನ್ನು ತೆಗೆದುಹಾಕಿದ್ದವರು ಅವರೇ. ಇಸ್ತ್ರಿಯಣ್ಣ ಆ ತುಂಡನ್ನು ಒಂದು ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಒಂದರಿಂದ ಏಳರವರೆಗೆ ಅಂಕಿ ಹಾಕಿದ್ದ. ಮೂರು ಅಂಕಿಗಳ ಮುಂದೆ ಹೆಸರಿತ್ತು. "ಬಟ್ಟೆ ಕೊಡಕ್ಕೆ ಬರೋರನ್ನೆಲ್ಲ ಕೇಳ್ತಾ ಇದ್ದೀನಿ ಸಾರ್. ಇನ್ನೂ ನಾಲ್ಕು ಸಿಕ್ಕಿಲ್ಲ. ನಿಮಗೇನಾದ್ರೂ ಗೊತ್ತಾ?" ಉಪಸಂಪಾದಕರು ಜೇಬಿನಿಂದ ಪೆನ್ನು ತೆಗೆದರು. ಒಂದು ಹೆಸರೂ ನೆನಪಾಗಲಿಲ್ಲ.